ಬೆರೆತ ಲೋಹ, ಬೆಸೆದ ವಸ್ತು

ನಮ್ಮ ಮನೆಗಳಲ್ಲಿ ನಿತ್ಯವೂ ಬಳಕೆಯಲ್ಲಿರುವ ಸಾಮಾನುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ, ಅವುಗಳಲ್ಲಿ ಒಂದೇ ಪದಾರ್ಥದಿಂದಾದುವು ಬಹು ವಿರಳವೆಂಬುದು ತಿಳಿದುಬರುವುದು. ದೇವರ ಮುಂದಿನ ದೀಪ ಹಿತ್ತಾಳೆಯದು, ಗಂಟೆ ಕಂಚಿನದು, ಊಟದ ತಟ್ಟೆ ಸ್ಟೇನ್‌ಲೆಸ್ ಸ್ಟೀಲಿನದು, ಕೊರಳ ಸರದ ಚಿನ್ನದಲ್ಲಿಯೂ ಒಂದಿಷ್ಟು ತಾಮ್ರವೋ ಬೆಳ್ಳಿಯೋ ಸೇರಿರುವುದು. ಇನ್ನು ತಲೆಯ ಮೇಲಣ ತಾರಸಿಯಲ್ಲಿ ಸಿಮೆಂಟು, ಮರಳು, ಜಲ್ಲಿ, ಉಕ್ಕಿನ ಸರಳು ಇವು ಕೂಡಿವೆ. ಬಚ್ಚಲುಮನೆಯ ಹಗುರವಾದ ಬಾಗಿಲು ಗಾಜಿನ ಎಳೆಗಳಿಂದಲೂ ರಾಳದಿಂದಲೂ ಆದುದು. ಮೇಜಿನ ಹಲಗೆ ಪ್ಲೈವುಡ್ಡಿನದು. ಇವೆಲ್ಲವನ್ನೂ ನಾವು ‘ಬೆರಕೆ’ ಎಂಬ ಒಂದೇ ಮಾತಿನಿಂದ ಕರೆದು ಸುಮ್ಮನಾಗುವೆವು.

ಆದರೆ ಈ ಬೆರಕೆಯಲ್ಲಿ ಎರಡು ಜಾತಿಗಳುಂಟು. ಹಿತ್ತಾಳೆ, ಕಂಚು, ಉಕ್ಕು ಮೊದಲಾದುವು ಒಂದು ಜಾತಿ; ಇವುಗಳಿಗೆ ಮಿಶ್ರಲೋಹಗಳೆಂದು ಹೆಸರು. ತಾರಸಿ, ಪ್ಲೈವುಡ್ಡು, ಗಾಜೆಳೆಯ ಬಾಗಿಲು ಮೊದಲಾದುವು ಮತ್ತೊಂದು ಜಾತಿ. ಇವುಗಳನ್ನು ಸಂಯೋಜಿತ ವಸ್ತುಗಳೆನ್ನುವರು. ಈ ಭೇದವು ಪಂಡಿತರ ಪುಸ್ತಕಕ್ಕೆ ಮಾತ್ರ ಸೇರಿದುದೆಂದು ಭಾವಿಸಬಾರದು. ಎರಡು ಜಾತಿಗಳೂ ಬೇರೆ ಬೇರೆ ರೀತಿಯಲ್ಲಿ ಬಲವನ್ನು ಪಡೆಯುತ್ತವೆ; ಬೇರೆ ಬೇರೆ ರೀತಿಯಲ್ಲಿ ಕೆಡುತ್ತವೆ. ಯಾವುದು ಯಾವ ಜಾತಿಯದೆಂದು ಅರಿತವರಿಗೆ ಮನೆಯ ವಸ್ತುಗಳನ್ನು ಕೊಳ್ಳುವುದರಲ್ಲಿಯೂ ಕಾಪಾಡುವುದರಲ್ಲಿಯೂ ಬಹಳ ಅನುಕೂಲವಾಗುವುದು. ಅರಿಯದಿದ್ದರೆ ಹಣವೂ, ಕೆಲವು ವೇಳೆ ಪ್ರಾಣವೂ ನಷ್ಟವಾಗಬಹುದು. ಆದಕಾರಣ ಈ ತಿಂಗಳು ಈ ವಿಷಯವನ್ನು ವಾಚಕರ ಮುಂದೆ ಇಡುತ್ತೇವೆ.

ಅಡಿಗೆಮನೆಯ ಮೂರು ಉದಾಹರಣೆಗಳು

ಎರಡು ಪದಾರ್ಥಗಳು ಸೇರುವ ಬಗೆಗಳನ್ನು ತಿಳಿಯಲು ಅಡಿಗೆಮನೆಗಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಕುದಿಯುವ ಸಾರಿಗೆ ಉಪ್ಪನ್ನು ಹಾಕಿ ಕದಡಿದರೆ ಉಪ್ಪು ಕಣ್ಮರೆಯಾಗುವುದು. ಪಾತ್ರೆಯ ಮೇಲುಗಡೆಯಿಂದ ಒಂದು ಸೌಟು, ಅಡಿಯಿಂದ ಒಂದು ಸೌಟು ತೆಗೆದು ನೋಡಿದರೂ ರುಚಿ ಒಂದೇ. ಇದು ಮೊದಲನೆಯ ಬಗೆ.

ಅರಿಸಿನಕ್ಕೆ ಸುಣ್ಣವನ್ನು ಸೇರಿಸಿದರೆ ಎರಡರಲ್ಲಿಯೂ ಇಲ್ಲದ ಕೆಂಪು ಬಣ್ಣ ಹುಟ್ಟುವುದು. ಇದು ರಾಸಾಯನಿಕವಾದ ಮಾರ್ಪಾಟು, ಎರಡನೆಯ ಬಗೆ. ಕಬ್ಬಿಣವು ತುಕ್ಕಾಗುವುದೂ ಈ ವರ್ಗಕ್ಕೇ ಸೇರಿದುದು. ನಮ್ಮ ಇಂದಿನ ಪ್ರಸ್ತಾಪಕ್ಕೆ ಇದು ಮುಖ್ಯವಲ್ಲ.

ಕಡಲೆಕಾಯಿ ಮಿಠಾಯಿಯನ್ನು ಮಾಡುವಾಗ ಬೆಲ್ಲದ ಪಾಕಕ್ಕೆ ಹುರಿದ ಬೀಜವನ್ನು ಹಾಕಿ ತಟ್ಟುವರು. ಆರಿ ಗಟ್ಟಿಯಾದ ಮೇಲೆಯೂ ಬೀಜ ಬೀಜವಾಗಿಯೇ ಇರುವುದು. ಬೆಲ್ಲ ಬೆಲ್ಲವಾಗಿಯೇ ಇರುವುದು. ಒಂದು ತುಂಡನ್ನು ಮುರಿದರೆ ಇಲ್ಲಿ ಬೀಜ ಮುಗಿಯಿತು, ಇಲ್ಲಿಂದ ಬೆಲ್ಲ ಎಂದು ಬೆರಳಿಟ್ಟು ತೋರಿಸಬಹುದು. ಆದರೂ ಎರಡೂ ಕೂಡಿ ಒಂದೇ ಬಿಲ್ಲೆಯಾಗಿವೆ. ಇದು ಮೂರನೆಯ ಬಗೆ.

ಮಿಶ್ರಲೋಹವು ಸಾರಿನಲ್ಲಿ ಕರಗಿದ ಉಪ್ಪಿನ ಬಗೆಯದು. ಸಂಯೋಜಿತ ವಸ್ತುವು ಕಡಲೆಕಾಯಿ ಮಿಠಾಯಿಯ ಬಗೆಯದು. ಸ್ಥೂಲವಾಗಿ ಹೇಳುವುದಾದರೆ ಇಡೀ ಭೇದವು ಇಷ್ಟೇ. ಇನ್ನು ಇದರ ಫಲಗಳನ್ನು ನೋಡೋಣ.

ಮಿಶ್ರಲೋಹದ ಗುಣ ಪ್ರಮಾಣದಲ್ಲಿದೆ

ತಾಮ್ರವು ಮೆದುವಾದ ಲೋಹ. ತಂತಿಯನ್ನು ಕೈಯಿಂದಲೇ ಬಗ್ಗಿಸಬಹುದು. ತವರವು ಅದಕ್ಕಿಂತಲೂ ಮೆದು. ಈ ಎರಡು ಮೆದು ಲೋಹಗಳನ್ನು ಸುಮಾರು 78 ಪಾಲು ತಾಮ್ರ, 22 ಪಾಲು ತವರದಂತೆ ಕೂಡಿಸಿ ಕರಗಿಸಿ ಎರಕ ಹೊಯ್ದರೆ ಗಂಟೆಯ ಕಂಚು ದೊರೆಯುವುದು. ಅದು ಬಗ್ಗುವುದಿಲ್ಲ, ಹೊಡೆದರೆ ಇಂಪಾಗಿ ಬಹಳ ಹೊತ್ತು ನಿನದಿಸುವುದು, ಕಲ್ಲಿನ ಮೇಲೆ ಬಿದ್ದರೆ ಒಡೆಯುವುದೂ ಉಂಟು. ಮೆದುವಾದ ತಂದೆತಾಯಿಗಳಿಗೆ ಇಷ್ಟು ಗಡುಸಾದ ಮಗು ಹುಟ್ಟಿದ್ದು ಹೇಗೆ?

ಒಂದೇ ಗಾತ್ರದ ಕಿತ್ತಳೆಹಣ್ಣುಗಳನ್ನು ಅಂಗಡಿಯವನು ಪದರಪದರವಾಗಿ ಜೋಡಿಸಿಟ್ಟಿರುವುದನ್ನು ವಾಚಕರು ನೋಡಿರಬಹುದು. ಶುದ್ಧ ಲೋಹದ ಪರಮಾಣುಗಳು ಹೆಚ್ಚು ಕಡಿಮೆ ಹಾಗೆಯೇ ಸಾಲುಗೊಂಡಿರುತ್ತವೆ. ಬಲವನ್ನು ಹಾಕಿದಾಗ ಒಂದು ಪದರವು ಇನ್ನೊಂದರ ಮೇಲೆ ಸರಿಯುವುದು. ಲೋಹವು ಬಗ್ಗುವುದೆಂದರೆ ಇದೇ. ಆ ಸಾಲುಗಳ ನಡುವೆ ಅಲ್ಲಲ್ಲಿ ಬೇರೆ ಗಾತ್ರದ ಹಣ್ಣುಗಳನ್ನು ಸೇರಿಸಿಬಿಟ್ಟರೆ ಪದರಗಳು ಡೊಂಕಾಗಿ, ಸುಲಭವಾಗಿ ಜಾರಲಾರವು. ತವರದ ಪರಮಾಣುಗಳು ತಾಮ್ರದವುಗಳಿಗಿಂತ ದೊಡ್ಡವು. ಮಿಶ್ರಲೋಹವು ಶುದ್ಧ ಲೋಹಕ್ಕಿಂತ ಗಡುಸಾಗುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ಚಿನ್ನಕ್ಕೆ ತಾಮ್ರವನ್ನೋ ಬೆಳ್ಳಿಯನ್ನೋ ಕೂಡಿಸುವುದೂ ಇದಕ್ಕಾಗಿಯೇ. 24 ಕ್ಯಾರೆಟ್ಟಿನ ಅಪರಂಜಿಯಿಂದ ಬಳೆ ಮಾಡಿಸಿದರೆ ಅದು ಬೇಗ ನುಗ್ಗಾಗುವುದು. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ ಆಭರಣಕ್ಕೆ ತಕ್ಕ ಗಟ್ಟಿತನ ಬರುವುದು. ಸಾವಿರ ಪಾಲಿಗೆ ಲೆಕ್ಕ ಹಾಕಿದರೆ ಇದು 916 ಆಗುವುದರಿಂದ ಒಡವೆಗಳ ಮೇಲೆ ಆ ಅಂಕೆಯನ್ನು ಒತ್ತಿರುತ್ತಾರೆ.

ಈ ಜಾತಿಯಲ್ಲಿ ಪ್ರಮಾಣದ ಅಲ್ಪ ವ್ಯತ್ಯಾಸವೂ ಗುಣವನ್ನು ಪಲ್ಲಟಗೊಳಿಸುವುದು. ಕಬ್ಬಿಣದಲ್ಲಿ ನೂರಕ್ಕೆ ಕಾಲು ಪಾಲಿಗಿಂತ ಕಡಿಮೆ ಇಂಗಾಲವಿದ್ದರೆ ಅದು ಬಾಗುವ, ಬಡಿದರೆ ಹಿಗ್ಗುವ ಮೆದು ಉಕ್ಕು. ಎರಡು ಪಾಲನ್ನು ಮೀರಿದರೆ ಅದು ಬೀಡು ಕಬ್ಬಿಣ. ಬೀಡಿನ ದೋಸೆ ಕಾವಲಿಯು ಕಾವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವುದಾದರೂ ಕೈಜಾರಿ ಬಿದ್ದರೆ ಎರಡು ತುಂಡಾಗುವುದು ಇದರಿಂದಲೇ. ಇಂಗಾಲವು ಲೋಹವಲ್ಲದಿದ್ದರೂ ಅದು ಕೂಡಿದ ಉಕ್ಕು ಮಿಶ್ರಲೋಹವೇ ಎನಿಸಿಕೊಳ್ಳುವುದೆಂಬುದನ್ನೂ ಇಲ್ಲಿ ಗಮನಿಸಬಹುದು.

ಕರಗುವ ಉಷ್ಣಮಾನದ ವಿಷಯವೂ ಹೀಗೆಯೇ. ತವರವು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಸೀಸವು 327 ಡಿಗ್ರಿಯಲ್ಲಿ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸವನ್ನು ಕೂಡಿಸಿದ ಬೆಸುಗೆಯ ಲೋಹವು 183 ಡಿಗ್ರಿಯಲ್ಲಿಯೇ ನೀರಾಗಿಬಿಡುವುದು. ಎರಡಕ್ಕೂ ಇಲ್ಲದ ಗುಣ ಇಬ್ಬರ ಕೂಟದಿಂದ ಬಂದಿದೆ. ಅನೇಕ ಪ್ರೆಷರ್ ಕುಕ್ಕರುಗಳ ಮುಚ್ಚಳದಲ್ಲಿರುವ ಸಣ್ಣ ಸುರಕ್ಷಾ ಬಿರಡೆಯು ಇದೇ ತತ್ತ್ವದ ಮೇಲೆ ಮಾಡಿದುದು. ನೀರು ಬತ್ತಿಯೋ ಹಬೆಯ ದಾರಿ ಕಟ್ಟಿಯೋ ಒಳಗಿನ ಕಾವು ಮಿತಿಮೀರಿದರೆ ಆ ಬಿರಡೆಯೊಳಗಣ ಮಿಶ್ರಲೋಹವು ಕರಗಿ, ಹಬೆಗೆ ಹೊರದಾರಿ ಮಾಡಿಕೊಡುವುದು. ಯಾವ ಕಾವಿನಲ್ಲಿ ಕರಗಬೇಕೆಂಬುದು ಅದರ ಬೆರಕೆಯ ಪ್ರಮಾಣದಿಂದಲೇ ನಿಶ್ಚಿತವಾಗಿರುತ್ತದೆ. ಆದುದರಿಂದ ಬಿರಡೆ ಹೋದಾಗ ಅದೇ ಕುಕ್ಕರಿಗಾಗಿ ಮಾಡಿದ ಹೊಸ ಬಿರಡೆಯನ್ನೇ ತಂದು ಹಾಕತಕ್ಕದ್ದು. ಕಂಡ ತಿರುಪನ್ನೋ ಬೆಸುಗೆಯನ್ನೋ ಹಾಕಿ ತೂತನ್ನು ಮುಚ್ಚಿಸುವುದು ಮನೆಯಲ್ಲಿ ಮದ್ದಿನ ಗುಂಡನ್ನು ಇಟ್ಟುಕೊಂಡಂತೆಯೇ ಸರಿ.

ಅಡಿಮುಡಿ ಒಂದೇ ಗುಣ

ಉಪ್ಪು ಸಾರಿನಲ್ಲೆಲ್ಲ ವ್ಯಾಪಿಸಿರುವಂತೆ ಮಿಶ್ರಲೋಹದ ಗುಣವೂ ಅದರ ಒಡಲಿನಲ್ಲೆಲ್ಲ ವ್ಯಾಪಿಸಿರುವುದು. ಇದರ ಬೆಲೆ ತಿಳಿಯಬೇಕಾದರೆ ಕಲಾಯಿ ಹಾಕಿದ ಹಿತ್ತಾಳೆಯ ಪಾತ್ರೆಯನ್ನೂ ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆಯನ್ನೂ ಹೋಲಿಸಿ ನೋಡಬೇಕು.

ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಇವೆ. ಹುಣಿಸೆಹಣ್ಣು, ಮಜ್ಜಿಗೆ, ನಿಂಬೆರಸ ಇವುಗಳ ಹುಳಿ ತಗುಲಿದರೆ ತಾಮ್ರವು ಸ್ವಲ್ಪಸ್ವಲ್ಪವಾಗಿ ಕರಗಿ ಆಹಾರವನ್ನು ಕಿಲುಬಾಗಿಸುವುದು. ಅದನ್ನು ತಡೆಯಲು ಒಳಗೆ ತವರದ ಕಲಾಯಿಯನ್ನು ಹಾಕಿಸುವರು. ಆದರೆ ಈ ರಕ್ಷಣೆಯು ಮೈಮೇಲಿನ ಒಂದು ತೆಳು ಪದರ ಮಾತ್ರ. ತಿಕ್ಕಿ ತಿಕ್ಕಿ ಅದು ಸವೆದಲ್ಲಿ ರಕ್ಷಣೆಯೂ ಮುಗಿಯಿತು. ತವರಕ್ಕೆ ಸೀಸವನ್ನು ಬೆರಸಿ ಕಲಾಯಿ ಹಾಕಿದರಂತೂ ಇನ್ನೂ ಕೇಡು. ಕೂಟದಿಂದ ಕರಗುವ ಕಾವು ಬದಲಾಗಬಹುದು, ಗಡುಸು ಬದಲಾಗಬಹುದು. ಸೀಸದ ವಿಷವು ಮಾತ್ರ ಬೆರಕೆಯಿಂದ ಹೋಗುವುದಿಲ್ಲ. ಶುದ್ಧ ತವರದ ಕಲಾಯಿಯನ್ನೇ ಕೇಳಿ ಹಾಕಿಸುವುದು ಆವಶ್ಯಕ.

ಸ್ಟೇನ್‌ಲೆಸ್ ಸ್ಟೀಲಿನ ಕಥೆ ಬೇರೆ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿ ಎಂಬಾತನು ಬಂದೂಕದ ನಳಿಗೆಗಳಿಗೆ ಬೇಗ ಸವೆಯದ ಉಕ್ಕನ್ನು ಹುಡುಕುತ್ತ 1913ರಲ್ಲಿ ಕ್ರೋಮಿಯಮ್ ಬೆರೆತ ಒಂದು ಉಕ್ಕನ್ನು ಎರಕ ಹೊಯ್ದನು. ಅದು ನಳಿಗೆಗಿಂತ ಹೆಚ್ಚಾಗಿ ಊಟದ ಚಾಕುಗಳಿಗೆ ಉಪಯೋಗಕ್ಕೆ ಬಂದಿತು. ಇಂದು ನಮ್ಮ ಒಳ್ಳೆಯ ಪಾತ್ರೆಗಳಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್ ಇರುತ್ತವೆ. ಪಾತ್ರೆಯ ಮೈಮೇಲಿನ ಕ್ರೋಮಿಯಮ್ ಗಾಳಿಯೊಡನೆ ಕೂಡಿ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆಯನ್ನು ಕಟ್ಟುವುದು. ತುಕ್ಕನ್ನು ತಡೆಯುವುದು ಆ ಪೊರೆಯೇ. ನಾರಿನಿಂದ ಉಜ್ಜಿ ಗೀರು ಬಿದ್ದರೆ ಏನಾಗುವುದು? ಗೀರಿನ ಕೆಳಗೂ ಅದೇ ಮಿಶ್ರಲೋಹವಿರುವುದರಿಂದ ಅಲ್ಲಿ ಹೊಸ ಪೊರೆಯು ತಾನಾಗಿಯೇ ಕೂಡಲೆ ಕಟ್ಟಿಕೊಳ್ಳುವುದು. ಕಲಾಯಿಗೆ ಇಲ್ಲದ ಈ ಸಾಮರ್ಥ್ಯವು ಕ್ರೋಮಿಯಮ್ ಪಾತ್ರೆಯ ಮೈಯಲ್ಲೆಲ್ಲ ಬೆರೆತಿರುವುದರಿಂದ ಬಂದುದು. ಆದರೂ ಉಪ್ಪು ನೀರನ್ನು ಇಂತಹ ಪಾತ್ರೆಯಲ್ಲಿ ದಿನಗಟ್ಟಲೆ ನಿಲ್ಲಿಸಬಾರದು. ಉಪ್ಪು ಆ ಪೊರೆಯನ್ನು ಅಲ್ಲಲ್ಲಿ ಭೇದಿಸಿ ಚುಕ್ಕೆ ಚುಕ್ಕೆಯಾಗಿ ಕೊರೆಯುವುದು.

ಸಂಯೋಜಿತ ವಸ್ತುವಿನ ಗುಣ ಜೋಡಣೆಯಲ್ಲಿದೆ

ಈಗ ಎರಡನೆಯ ಜಾತಿಗೆ ಬರೋಣ. ಮಣ್ಣಿನ ಗೋಡೆ ಕಟ್ಟುವವರು ಕೆಸರಿಗೆ ಹುಲ್ಲನ್ನು ಕತ್ತರಿಸಿ ಹಾಕಿ ತುಳಿಯುವ ಪದ್ಧತಿ ಬಹು ಪುರಾತನವಾದುದು. ಹುಲ್ಲು ಮಣ್ಣಿನಲ್ಲಿ ಕರಗುವುದಿಲ್ಲ. ಮಣ್ಣು ಭಾರವನ್ನು ಹೊರುವುದು. ಒಣಗಿ ಬಿರಿಯಬೇಕೆಂದಾಗ ಹುಲ್ಲಿನ ಎಳೆಗಳು ಎರಡು ಕಡೆಯನ್ನೂ ಹಿಡಿದು ನಿಲ್ಲಿಸುವುವು. ಒಂದರ ಕೊರತೆಯನ್ನು ಮತ್ತೊಂದು ತುಂಬುವ ಈ ಸಹಕಾರವೇ ಸಂಯೋಜಿತ ವಸ್ತುವಿನ ಜೀವಾಳ.

ಇದೇ ಉಪಾಯದ ದೊಡ್ಡ ರೂಪವು ನಮ್ಮ ತಾರಸಿ. ಫ್ರಾನ್ಸ್ ದೇಶದ ಜೋಸೆಫ್ ಮೋನಿಯೇ ಎಂಬ ತೋಟಗಾರನು ಗಿಡಗಳ ದೊಡ್ಡ ತೊಟ್ಟಿಗಳನ್ನು ಸಿಮೆಂಟಿನಿಂದ ಮಾಡುತ್ತಿದ್ದನು. ಅವು ಒಡೆಯದಂತೆ ಒಳಗೆ ಕಬ್ಬಿಣದ ಬಲೆಯನ್ನು ಹುದುಗಿಸಿ 1867ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಕಾಂಕ್ರೀಟನ್ನು ಒತ್ತಿದರೆ ಅದು ಎಷ್ಟೋ ಭಾರವನ್ನು ತಡೆಯುವುದು. ಎಳೆದರೆ ಮಾತ್ರ ಅದರ ಸುಮಾರು ಹತ್ತನೆಯ ಒಂದು ಪಾಲಿಗೇ ಬಿರಿಯುವುದು. ಉಕ್ಕಿನ ಸರಳು ಎಳೆತವನ್ನು ಚೆನ್ನಾಗಿ ಸಹಿಸುವುದು. ಅದೃಷ್ಟವಶಾತ್ ಬಿಸಿಲಿಗೆ ಇವೆರಡೂ ಹೆಚ್ಚು ಕಡಿಮೆ ಸಮನಾಗಿಯೇ ಹಿಗ್ಗುವುವು. ಇಲ್ಲವಾದರೆ ಒಂದು ಬೇಸಗೆಯಲ್ಲಿಯೇ ಇವುಗಳ ಸಂಬಂಧ ಕಡಿದುಹೋಗುತ್ತಿದ್ದಿತು.

ಇಲ್ಲಿ ಒಂದು ಬಹು ಮುಖ್ಯವಾದ ಸಂಗತಿಯನ್ನು ಮನೆ ಕಟ್ಟಿಸುವವರೆಲ್ಲರೂ ಮನಸ್ಸಿನಲ್ಲಿಡಬೇಕು. ಎರಡು ಗೋಡೆಗಳ ಮೇಲೆ ಕುಳಿತ ತಾರಸಿಯು ಭಾರಕ್ಕೆ ನಡುವೆ ಕೆಳಗೆ ಬಾಗಲು ನೋಡುವುದರಿಂದ ಅಲ್ಲಿ ಎಳೆತ ಬೀಳುವುದು ಕೆಳಮೈಗೆ. ಆದುದರಿಂದ ಮುಖ್ಯ ಸರಳುಗಳು ಕೆಳಗಿರಬೇಕು. ಗೋಡೆಯಿಂದ ಹೊರಕ್ಕೆ ಚಾಚಿದ ಸಜ್ಜದಲ್ಲಾದರೋ ತುದಿಯು ಕೆಳಗೆ ಜಗ್ಗುವುದರಿಂದ ಎಳೆತ ಬೀಳುವುದು ಮೇಲ್ಮೈಗೆ. ಅಲ್ಲಿ ಸರಳುಗಳು ಮೇಲಿರಬೇಕು. ಕಾಂಕ್ರೀಟು ಸುರಿಯುವ ದಿನ ಕೆಲಸದವರು ಓಡಾಡಿ ಸಜ್ಜದ ಸರಳುಗಳನ್ನು ತುಳಿದು ಕೆಳಕ್ಕೆ ಇಳಿಸಿಬಿಟ್ಟರೆ, ಸಿಮೆಂಟು ಕಡಿಮೆಯಾಗಲಿಲ್ಲ, ಉಕ್ಕು ಕಡಿಮೆಯಾಗಲಿಲ್ಲ. ಆದರೂ ಆ ಸಜ್ಜವು ಆಧಾರದ ಕಂಬಗಳನ್ನು ತೆಗೆದ ಕೂಡಲೆ ಬೀಳಬಹುದು. ಇಲ್ಲವೆ ಮುಂದೆಂದೋ ಯಾರ ತಲೆಯ ಮೇಲಾದರೂ ಬೀಳಬಹುದು. ಮಿಶ್ರಲೋಹದಲ್ಲಿ ಪ್ರಮಾಣ ಸರಿಯಿದ್ದರೆ ಬಹುಮಟ್ಟಿಗೆ ಸಾಕು. ಸಂಯೋಜಿತ ವಸ್ತುವಿನಲ್ಲಿ ಪ್ರಮಾಣ ಸರಿಯಿದ್ದೂ ಸ್ಥಾನ ತಪ್ಪಿದರೆ ಎಲ್ಲವೂ ವ್ಯರ್ಥ. ಎರಡು ಜಾತಿಗಳಿಗಿರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ದೃಷ್ಟಾಂತವಿಲ್ಲ. ಕಾಂಕ್ರೀಟು ಹಾಕುವ ದಿನ ಮನೆಯ ಯಜಮಾನನು ಸಿಮೆಂಟಿನ ಮೂಟೆಗಳನ್ನು ಎಣಿಸುತ್ತ ನಿಲ್ಲುವುದರ ಜೊತೆಗೆ ಸರಳುಗಳು ಎಲ್ಲಿವೆಯೆಂಬುದನ್ನೂ ಎಂಜಿನಿಯರರಿಂದ ನೋಡಿಸಬೇಕು.

ಪ್ರಕೃತಿಯ ಜೋಡಣೆ

ಮನುಷ್ಯನಿಗಿಂತ ಎಷ್ಟೋ ಮೊದಲೇ ಪ್ರಕೃತಿಯು ಈ ವಿದ್ಯೆಯನ್ನು ನಡಸಿಕೊಂಡು ಬಂದಿದೆ. ಮರದಲ್ಲಿ ಸೆಲ್ಯುಲೋಸ್ ಎಂಬ ನಾರುಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟಿರುವುದು. ನಾರಿನ ಉದ್ದಕ್ಕೆ ಸೌದೆ ಸುಲಭವಾಗಿ ಸೀಳುವುದೂ ಅಡ್ಡಕ್ಕೆ ಸೀಳದಿರುವುದೂ ಇದರಿಂದಲೇ. ಪ್ಲೈವುಡ್ಡಿನಲ್ಲಿ ತೆಳುವಾದ ಹಾಳೆಗಳನ್ನು ಒಂದರ ನಾರು ಉದ್ದಕ್ಕೂ ಮತ್ತೊಂದರ ನಾರು ಅಡ್ಡಕ್ಕೂ ಬರುವಂತೆ ಅಂಟಿಸಿ ಈ ದೋಷವನ್ನು ಪರಿಹರಿಸಿದ್ದಾರೆ.

ನಮ್ಮ ಮೂಳೆಯೂ ಸಂಯೋಜಿತ ವಸ್ತುವೇ. ಅದರಲ್ಲಿ ಕೊಲಾಜೆನ್ ಎಂಬ ಬಳುಕುವ ನಾರೂ ಸುಣ್ಣದ ಅಂಶವುಳ್ಳ ಗಡುಸಾದ ಲವಣವೂ ಇವೆ. ಕೋಳಿಯ ಒಂದು ಸಣ್ಣ ಮೂಳೆಯನ್ನು ಕೆಲವು ದಿವಸ ವಿನಿಗರಿನಲ್ಲಿ ನೆನೆಯಿಟ್ಟರೆ ಲವಣವು ಕರಗಿಹೋಗಿ, ಉಳಿದ ನಾರು ರಬ್ಬರಿನಂತೆ ಬಗ್ಗುವುದು. ಮೂಳೆಯನ್ನು ಬೆಂಕಿಯಲ್ಲಿ ಸುಟ್ಟರೆ ನಾರು ಹೋಗಿ, ಉಳಿದ ಲವಣವು ಬೆರಳಿನಲ್ಲಿ ಪುಡಿಯಾಗುವುದು. ಒಂದನ್ನು ತೆಗೆದರೂ ಮತ್ತೊಂದು ತನ್ನ ಆಕಾರದಲ್ಲಿಯೇ ಉಳಿಯುವುದೆಂಬುದನ್ನು ಗಮನಿಸಬೇಕು. ಹಿತ್ತಾಳೆಯ ಚೊಂಬಿನಿಂದ ಹೀಗೆ ತಾಮ್ರವನ್ನೆಲ್ಲ ತೆಗೆದು ಸತುವಿನ ಗಟ್ಟಿ ಚೊಂಬನ್ನು ಉಳಿಸುವುದು ಸಾಧ್ಯವಿಲ್ಲ.

ಎಳೆಗಳ ಬಲ

ಗಾಜು ಒಡೆಯುವ ವಸ್ತು. ಅದರಿಂದ ದೋಣಿಯನ್ನೂ ಬಾಗಿಲನ್ನೂ ಮಾಡುವರೆಂದರೆ ಆಶ್ಚರ್ಯವಾಗಬಹುದು. ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ಎಂಜಿನಿಯರನು 1920ರ ಸುಮಾರಿನಲ್ಲಿ ಗಾಜಿನ ಎಳೆಗಳನ್ನು ಪರೀಕ್ಷಿಸಿ, ಎಳೆಯು ತೆಳುವಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದಲ್ಲಿ ಬಲವು ಹೆಚ್ಚುವುದೆಂದು ಕಂಡನು. ಗಾಜನ್ನು ಒಡೆಯುವುದು ಅದರ ಮೈಮೇಲಿನ ಸೂಕ್ಷ್ಮವಾದ ಬಿರುಕುಗಳು. ತೀರ ತೆಳುವಾದ ಎಳೆಯಲ್ಲಿ ದೊಡ್ಡ ಬಿರುಕಿಗೆ ಎಡೆಯೇ ಇಲ್ಲ. ಇಂತಹ ಎಳೆಗಳನ್ನು ರಾಳದಲ್ಲಿ ಹುದುಗಿಸಿದರೆ, ಒಂದು ಎಳೆ ತುಂಡಾದರೂ ರಾಳವು ಆ ಹೊರೆಯನ್ನು ನೆರೆಯ ಎಳೆಗಳಿಗೆ ಹಂಚುವುದು. ಕರಾವಳಿಯ ಮೀನುಗಾರರ ಎಷ್ಟೋ ದೋಣಿಗಳು ಈಗ ಇಂತಹವು.

ಗಾಜಿನ ಬದಲು ಇಂಗಾಲದ ಎಳೆಗಳನ್ನು ಉಪಯೋಗಿಸಿದರೆ ಇನ್ನೂ ಹಗುರವೂ ಬಿಗಿಯೂ ಆದ ವಸ್ತುವು ದೊರೆಯುವುದು. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ ಸುಮಾರು 45 ಪಾಲು ಇಂತಹ ಸಂಯೋಜಿತ ವಸ್ತುವಿನದು. 2009ರಲ್ಲಿ ಮೊದಲು ಹಾರಿದ ಬೋಯಿಂಗ್ 787 ವಿಮಾನದಲ್ಲಿ ಇದು ತೂಕದ ಅರ್ಧದಷ್ಟಿದೆ. ಅದಕ್ಕೆ ಹಿಂದಿನ ವಿಮಾನಗಳ ಒಡಲು ಬಹುತರ ಅಲ್ಯೂಮಿನಿಯಮ್ಮಿನ ಮಿಶ್ರಲೋಹದಿಂದಲೇ ಆಗಿರುತ್ತಿದ್ದಿತು.

ಎರಡರ ಗಡಿಯಲ್ಲಿ

ಜಾಣರಾದ ವಾಚಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಉಕ್ಕನ್ನು ನಯಮಾಡಿ, ತಕ್ಕ ದ್ರಾವಣದಲ್ಲಿ ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೂ ಏಕರೂಪವಾಗಿಲ್ಲ. ಶುದ್ಧಪ್ರಾಯವಾದ ಕಬ್ಬಿಣ, ಕಬ್ಬಿಣ-ಇಂಗಾಲಗಳ ಸಂಯುಕ್ತ ಇವೆರಡೂ ಪದರಪದರವಾಗಿ ಕಾಣುವುವು. ಮುತ್ತಿನ ಚಿಪ್ಪಿನಂತೆ ಮಿನುಗುವುದರಿಂದ ಈ ರಚನೆಗೆ ಪರ್ಲೈಟ್ ಎಂದು ಹೆಸರು. ಹಾಗಾದರೆ ಉಕ್ಕೂ ಕಡಲೆಕಾಯಿ ಮಿಠಾಯಿಯ ಜಾತಿಯೇ ಅಲ್ಲವೇ?

ಆಕ್ಷೇಪವು ನ್ಯಾಯವಾದುದೇ. ಕರಗಿದಾಗ ಎಲ್ಲ ಮಿಶ್ರಲೋಹಗಳೂ ಸಾರಿನಂತೆ ಒಂದೇ ಆಗಿದ್ದರೂ ಆರುವಾಗ ಕೆಲವು ಸೂಕ್ಷ್ಮವಾಗಿ ಒಡೆದುಕೊಳ್ಳುವುದುಂಟು. ಭೇದವನ್ನು ಗೊತ್ತುಮಾಡುವುದು ಆ ಪದರಗಳ ಹುಟ್ಟು. ಉಕ್ಕಿನ ಪದರಗಳನ್ನು ಯಾರೂ ಜೋಡಿಸಲಿಲ್ಲ. ಒಂದೇ ಕಾದ ಒಡಲು ಆರುವಾಗ ತಾನಾಗಿಯೇ ಹಾಗೆ ಏರ್ಪಟ್ಟಿತು. ಮತ್ತೆ ಕೆಂಪಗೆ ಕಾಯಿಸಿದರೆ ಪದರಗಳು ಮಾಯವಾಗಿ ಪುನಃ ಒಂದಾಗುವುವು. ತಾರಸಿಯ ಸರಳನ್ನಾದರೋ ಮನುಷ್ಯನು ಬೇರೆಯಾಗಿ ತಯಾರಿಸಿ, ಇಂತಹ ಕಡೆಯೇ ಇರಲೆಂದು ಇಟ್ಟನು. ಆದುದರಿಂದ ಉಕ್ಕು ಮಿಶ್ರಲೋಹ, ತಾರಸಿ ಸಂಯೋಜಿತ ವಸ್ತು.

ಎರಡು ಜಾತಿಗಳೂ ಒಂದೇ ವಸ್ತುವಿನಲ್ಲಿ ಕೂಡುವುದುಂಟು. ನಮ್ಮ ಬೀದರಿನ ಬಿದರಿ ಕೆಲಸವನ್ನೇ ನೋಡಬಹುದು. ಹೂಜಿಯ ಒಡಲು ಬಹುಪಾಲು ಸತುವೂ ಸ್ವಲ್ಪ ತಾಮ್ರವೂ ಸೇರಿದ ಮಿಶ್ರಲೋಹ. ಅದರ ಮೈಯಲ್ಲಿ ಕೊರೆದ ಗೀರುಗಳಿಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವರು. ಆಮೇಲೆ ಬೀದರ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕದಡಿದ ನೀರಿನಲ್ಲಿ ಹಾಕಿದರೆ ಒಡಲು ಕಪ್ಪಾಗುವುದು, ಬೆಳ್ಳಿ ಬೆಳ್ಳಗೇ ಉಳಿಯುವುದು. ಆ ಬೆಳ್ಳಿಯನ್ನು ಸತುವಿನೊಡನೆ ಕರಗಿಸಿಬಿಟ್ಟಿದ್ದರೆ ಹೂವೂ ಇಲ್ಲ, ಬಳ್ಳಿಯೂ ಇಲ್ಲ. ಹಾಗೆಯೇ ಈಚೆಗೆ ಬಂದಿರುವ ಮೂರು ಪದರದ ಬಾಣಲೆಗಳಲ್ಲಿ ಒಳಗೂ ಹೊರಗೂ ಸ್ಟೇನ್‌ಲೆಸ್ ಸ್ಟೀಲು, ನಡುವೆ ಅಲ್ಯೂಮಿನಿಯಮ್. ಸ್ಟೀಲು ಹುಳಿಗೆ ಹೆದರದು, ಆದರೆ ಕಾವನ್ನು ಸರಿಯಾಗಿ ಹರಡದು. ಅಲ್ಯೂಮಿನಿಯಮ್ ಅದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿ ಕಾವನ್ನು ಸಾಗಿಸುವುದು. ಎರಡನ್ನೂ ಕರಗಿಸಿ ಒಂದುಮಾಡದೆ ಪದರವಾಗಿಯೇ ಒತ್ತಿರುವುದರಿಂದ ಎರಡರ ಗುಣವೂ ದೊರೆಯಿತು.

ದಂತವೈದ್ಯರ ಬಳಿಯಲ್ಲಿಯೂ ಈ ಎರಡು ಜಾತಿಗಳನ್ನು ಕಾಣಬಹುದು. ಹುಳುಕು ಹಲ್ಲಿಗೆ ಹಿಂದಿನಿಂದ ತುಂಬುತ್ತಿದ್ದ ಬೂದು ಬಣ್ಣದ ವಸ್ತುವು ಬೆಳ್ಳಿ, ತವರ, ತಾಮ್ರಗಳ ಪುಡಿಗೆ ಸುಮಾರು ಸಮತೂಕದ ಪಾದರಸವನ್ನು ಕಲಸಿದ ಮಿಶ್ರಲೋಹ. ಪಾದರಸದ ಭಯದಿಂದ ಅದರ ಬಳಕೆ ಕಡಿಮೆಯಾಗುತ್ತಿದೆ. ಈಗ ತುಂಬುವ ಬಿಳಿಯ ವಸ್ತುವು ರಾಳದಲ್ಲಿ ಗಾಜಿನ ನುಣ್ಣನೆಯ ಪುಡಿಯನ್ನು ಕಲಸಿ, ನೀಲಿ ಬೆಳಕಿನಿಂದ ಗಟ್ಟಿಮಾಡಿದ ಸಂಯೋಜಿತ ವಸ್ತು. ಇದನ್ನು ಹಲ್ಲಿಗೆ ಅಂಟಿಸಬೇಕಾಗಿರುವುದರಿಂದ ಜೊಲ್ಲು ತಗುಲಿದರೆ ಅಂಟು ಕೆಡುವುದು. ಹಲ್ಲನ್ನು ಒಣಗಿಸಿ ಇಡಲು ವೈದ್ಯರು ಅಷ್ಟು ಶ್ರಮಪಡುವುದು ಇದಕ್ಕಾಗಿ.

ಕೆಡುವ ಬಗೆ, ಕಾಪಾಡುವ ಬಗೆ

ಹೀಗೆ ಸಂಯೋಜಿತ ವಸ್ತುವಿಗೆ ಅಪಾಯ ಬರುವುದು ಬಹುಮಟ್ಟಿಗೆ ಎರಡು ಪದಾರ್ಥಗಳು ಕೂಡುವ ಗಡಿಯಲ್ಲಿ. ಪ್ಲೈವುಡ್ಡಿಗೆ ನೀರು ಇಳಿದರೆ ಮರಕ್ಕಿಂತ ಮುಂಚೆ ಅಂಟು ಬಿಡುವುದುಂಟು. ತಾರಸಿಯಲ್ಲಿ ನೀರೂ ಗಾಳಿಯೂ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುವುದು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಮಿಕ್ಕ ಜಾಗ ಬೇಕಾಗುವುದರಿಂದ ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುವುದು. ಆದಕಾರಣ ಸರಳಿನ ಮೇಲೆ ಸಾಮಾನ್ಯವಾಗಿ 20 ಮಿಲಿಮೀಟರಿಗೆ ಕಡಿಮೆಯಿಲ್ಲದ ಕಾಂಕ್ರೀಟಿನ ಹೊದಿಕೆ ಬೇಕು. ಉಪ್ಪಿನ ಅಂಶವುಳ್ಳ ಕಡಲ ಮರಳನ್ನು ಹಾಗೆಯೇ ಬಳಸಕೂಡದು. ಒಳಮಾಳಿಗೆಯಲ್ಲಿ ಸರಳಿನ ಸಾಲನ್ನೇ ಹಿಡಿದು ಕಂದು ಗೆರೆಯೋ ಬಿರುಕೋ ಕಂಡರೆ ಮೇಲೆ ಸುಣ್ಣ ಬಳಿದು ಮರೆಮಾಡದೆ ಬಲ್ಲವರಿಗೆ ತೋರಿಸಬೇಕು.

ಎರಡನೆಯದಾಗಿ, ಹಿತ್ತಾಳೆಯ ಕೊಡ ನುಗ್ಗಾದರೆ ನುಗ್ಗು ಕಣ್ಣಿಗೆ ಕಾಣುವುದು. ಎಳೆಯ ವಸ್ತುವಿಗೆ ಪೆಟ್ಟು ಬಿದ್ದರೆ ಹೊರಗೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರಬಹುದು. ವಿಮಾನದ ಕೆಲಸದವರು ನಾಣ್ಯದಿಂದ ತಟ್ಟಿ, ಬದ್ದ ಸದ್ದು ಬಂದಲ್ಲಿ ಪದರ ಬಿಟ್ಟಿದೆಯೆಂದು ಊಹಿಸುವ ಪದ್ಧತಿಯುಂಟು. ಒಮ್ಮೆ ಜೋರಾಗಿ ಪೆಟ್ಟು ತಿಂದ ಶಿರಸ್ತ್ರಾಣವನ್ನು, ಅದು ನೋಡಲು ಚೆನ್ನಾಗಿದೆಯೆಂದು, ಮತ್ತೆ ತಲೆಗೆ ಹಾಕಿಕೊಳ್ಳಬಾರದು.

ಮೂರನೆಯದಾಗಿ, ಜೋಡಣೆಯಲ್ಲಿ ಪ್ರತಿಯೊಂದು ಪದಾರ್ಥವೂ ತನ್ನ ಸ್ವರೂಪದಲ್ಲಿಯೇ ಇರುವುದರಿಂದ, ಒಡೆದಾಗ ಹಾಗೆಯೇ ಹೊರಬೀಳುವುದು. ಹಳೆಯ ಮನೆಗಳ ಮೇಲಿನ ಆಸ್ಬೆಸ್ಟಾಸ್ ಶೀಟುಗಳಲ್ಲಿ ಸಿಮೆಂಟಿನೊಳಗೆ ಹುದುಗಿರುವ ನಾರುಗಳು ಸುಮ್ಮನಿರುವಷ್ಟು ಕಾಲ ಅಷ್ಟಾಗಿ ಹೊರಬರುವುದಿಲ್ಲ. ಶೀಟನ್ನು ಗರಗಸದಿಂದ ಕೊಯ್ದರೆ, ಒಡೆದರೆ, ಅದು ಹಳತಾಗಿ ಉದುರಿದರೆ ಆ ನಾರುಗಳು ಗಾಳಿಗೆ ಸೇರಿ ಶ್ವಾಸಕೋಶವನ್ನು ಹೊಕ್ಕು, ವರ್ಷಗಳ ಮೇಲೆ ಕ್ಯಾನ್ಸರ್ ಮೊದಲಾದ ಘೋರ ರೋಗಗಳನ್ನು ತರುವುವು. ಇಂತಹ ಶೀಟನ್ನು ಮನೆಯಲ್ಲಿ ಕೊಯ್ಯುವುದಾಗಲಿ ಮಕ್ಕಳು ಅದರ ಚೂರುಗಳೊಡನೆ ಆಡುವುದಾಗಲಿ ಸರ್ವಥಾ ಕೂಡದು.

ಕೊನೆಗೆ, ವಸ್ತುವಿನ ಆಯುಸ್ಸು ಮುಗಿದ ಮೇಲಿನ ಮಾತು. ತೂತುಬಿದ್ದ ಹಿತ್ತಾಳೆಯ ಚೊಂಬಿಗೂ ಬೆಲೆಯುಂಟು. ಅದನ್ನು ಕರಗಿಸಿ ಹೊಸ ಚೊಂಬನ್ನು ಎರಕ ಹೊಯ್ಯುವರು. ಅಜ್ಜಿಯ ಕಾಲದ ಹಿತ್ತಾಳೆ ಮೊಮ್ಮಗಳ ಮದುವೆಯ ದೀಪವಾಗಬಹುದು. ಗಾಜೆಳೆಯ ಬಾಗಿಲಿಗೆ ಈ ಭಾಗ್ಯವಿಲ್ಲ. ಅದರ ರಾಳವು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಸುಟ್ಟರೆ ಕೆಟ್ಟ ಹೊಗೆಯೇಳುವುದು. ಗಾಜನ್ನು ಬೇರ್ಪಡಿಸುವುದು ಕಷ್ಟ. ಚಿತ್ರದುರ್ಗ, ಗದಗುಗಳ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ದೊಡ್ಡ ರೆಕ್ಕೆಗಳೂ ಇದೇ ಬಗೆಯ ವಸ್ತುವಿನವು. ಸವೆದ ರೆಕ್ಕೆಗಳನ್ನು ಏನು ಮಾಡಬೇಕೆಂಬುದು ಇಂದು ಅನೇಕ ದೇಶಗಳಲ್ಲಿ ದೊಡ್ಡ ಸಮಸ್ಯೆಯಾಗಿದೆ. ಹಗುರವೆಂದೂ ತುಕ್ಕುಹಿಡಿಯದೆಂದೂ ಒಂದು ವಸ್ತುವನ್ನು ಕೊಳ್ಳುವಾಗ, ಮುಂದೆ ಅದು ಎಲ್ಲಿಗೆ ಹೋಗುವುದೆಂಬುದನ್ನೂ ಗೃಹಸ್ಥರು ಒಂದಿಷ್ಟು ಯೋಚಿಸುವುದು ಒಳ್ಳೆಯದು.

ಹೀಗೆಂದು ಒಂದು ಜಾತಿ ಮೇಲು, ಮತ್ತೊಂದು ಕೀಳು ಎಂದು ಹೇಳುವಂತಿಲ್ಲ. ಕಂಚಿನಿಂದ ತಾರಸಿಯಾಗದು, ಕಾಂಕ್ರೀಟಿನಿಂದ ಗಂಟೆಯಾಗದು. ಲೋಹದ ವಸ್ತುವನ್ನು ಕೊಳ್ಳುವಾಗ ‘ಏನೇನು ಬೆರೆತಿದೆ, ಎಷ್ಟೆಷ್ಟು ಬೆರೆತಿದೆ?’ ಎಂದು ಕೇಳಬೇಕು. ಜೋಡಿಸಿದ ವಸ್ತುವನ್ನು ಕೊಳ್ಳುವಾಗ ‘ಯಾವುದು ಎಲ್ಲಿದೆ, ಹೇಗೆ ಹಿಡಿದುಕೊಂಡಿದೆ?’ ಎಂದು ಕೇಳಬೇಕು. ಕುಕ್ಕರಿನ ಬಿರಡೆಗೆ ಮೊದಲನೆಯ ಪ್ರಶ್ನೆ, ಸಜ್ಜದ ಸರಳಿಗೆ ಎರಡನೆಯದು. ಬಿರಡೆಯಿಲ್ಲದ ಕುಕ್ಕರಾಗಲಿ ಬಿರುಕುಬಿಟ್ಟ ಸಜ್ಜವಾಗಲಿ ಮನೆಯಲ್ಲಿದ್ದರೆ ನಾಳೆಗೆ ಮುಂದೂಡದೆ ಸರಿಪಡಿಸಿಕೊಳ್ಳಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇವೆ.